ಹಿಂದೆ ಉಳಿಯುವವರ ಜಾಥಾ

ಸಾಮಾಜಿಕ ನ್ಯಾಯವು ಗುರುವಾರ ಬೆಳಗ್ಗೆ ಸರಿಯಾಗಿ ಒಂಬತ್ತು ಗಂಟೆಗೆ ದೇವರಾಯಸಮುದ್ರದ ಕೆರೆಕಟ್ಟೆಯಿಂದ ಹೊರಟು ಸಂಜೆಯೊಳಗೆ ಕೋಲಾರವನ್ನು ತಲುಪತಕ್ಕದ್ದೆಂದು ಸರ್ವ ಸಮುದಾಯಗಳ ಸಾಮಾಜಿಕ ನ್ಯಾಯ ಒಕ್ಕೂಟದ ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಮಧ್ಯಾಹ್ನ ಅದು ಕೋಲಾರದ ಈಚೆಗಿರುವ ಒಂದು ಮಾವಿನ ತೋಪಿನಲ್ಲಿ ತಂಗುವುದೆಂದೂ, ಅಲ್ಲಿ ಅದಕ್ಕೆ ಪಲಾವ್, ಮೊಸರನ್ನ ಮತ್ತು ಬಾದುಷಾ ಬಡಿಸುವುದೆಂದೂ ಅದೇ ನಿರ್ಣಯದಲ್ಲಿ ಸೇರಿಸಲಾಯಿತು. ಚರ್ಚೆಯಾದದ್ದು ಬಾದುಷಾ ವಿಷಯದಲ್ಲಿ ಮಾತ್ರ.

ಈ ನಿರ್ಣಯಕ್ಕೆ ಕೈಯೆತ್ತಿದವರಲ್ಲಿ ಒಕ್ಕೂಟದ ಉಪಾಧ್ಯಕ್ಷೆ ಆವಲಮ್ಮನೂ ಒಬ್ಬಳು. ಅವಳು ಉಪಾಧ್ಯಕ್ಷೆಯಾದದ್ದು ಹೀಗೆ. ಒಕ್ಕೂಟದ ಲೆಟರ್‌ಹೆಡ್ ಅಚ್ಚಿಗೆ ಹೋಗುವಾಗ ಅದರಲ್ಲಿ ಒಬ್ಬ ಮಹಿಳೆ ಇರಬೇಕು, ಕಾಲೋನಿಯವರೊಬ್ಬರೂ ಇರಬೇಕು ಎಂಬ ಮಾತು ಬಂತು. ಕಾಗದದಲ್ಲಿ ಒಂದೇ ಹೆಸರಿಗೆ ಜಾಗ ಉಳಿದಿತ್ತು. ಎರಡೂ ಒಬ್ಬರಲ್ಲೇ ಮುಗಿಯಲೆಂದು ಕೆರೆಯಾಚೆಯ ಕಾಲೋನಿಯ ಆವಲಮ್ಮನನ್ನು ಕರೆದು ಉಪಾಧ್ಯಕ್ಷೆ ಮಾಡಿದರು. ಸಭೆಗಳಲ್ಲಿ ಅವಳಿಗೆ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಮೀಸಲು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಅಧ್ಯಕ್ಷರೇ ಹೇಳಿದ್ದರು.

ಆವಲಮ್ಮನಿಗೆ ಕುರ್ಚಿಯ ಮೇಲೆ ಆಸೆಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ, ಮೊಮ್ಮಗಳು ತೇಜಸ್ವಿನಿಗೆ ಕೋಲಾರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಸೀಟು. ಹುಡುಗಿಗೆ ನರ್ಸಿಂಗ್ ಓದಲು ಅವಕಾಶ ಸಿಕ್ಕಿತ್ತು. ಕಾಲೋನಿಯಲ್ಲಿ ಅಷ್ಟು ದೂರ ಓದಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಆಸ್ಪತ್ರೆಯ ಡ್ಯೂಟಿ ಮುಗಿಯುವ ಹೊತ್ತಿಗೆ ಕೆರೆಯಾಚೆ ಬರುವ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಹಾಸ್ಟೆಲ್ ಇದ್ದರೆ ಓದು, ಇಲ್ಲವಾದರೆ ಟೊಮೇಟೊ ಬಿಡಿಸುವ ಕೂಲಿ. ಜಾಥಾ ಒಂದು ಆಗಲಿ, ಸೀಟು ನನ್ನ ಜವಾಬ್ದಾರಿ ಎಂದು ಅಧ್ಯಕ್ಷ ದೊಡ್ಡನಾರಾಯಣಪ್ಪನವರು ಎದೆ ಮುಟ್ಟಿ ಹೇಳಿದ್ದರು. ಅವರ ಎದೆ ವಿಶಾಲವಾದದ್ದು. ಹಿಪ್ಪುನೇರಳೆ ತೋಟ, ಟೊಮೇಟೊ ಮಂಡಿ, ಮುಳಬಾಗಿಲಿನಲ್ಲಿ ಒಂದು ಕಲ್ಯಾಣ ಮಂಟಪ, ಇಷ್ಟರ ಜೊತೆಗೆ ಅದರಲ್ಲಿ ಹಿಂದುಳಿದವರ ನೋವಿಗೂ ಜಾಗವಿತ್ತು.

ಈ ಸುತ್ತಿನಲ್ಲಿ ಒಂದು ಪದ್ಧತಿಯಿದೆ. ಮೆರವಣಿಗೆ ದೇವರದ್ದಾಗಲಿ, ಗೆದ್ದವರದ್ದಾಗಲಿ, ಸತ್ತವರದ್ದಾಗಲಿ, ಎಲ್ಲರಿಗಿಂತ ಮುಂದೆ ಕಾಲೋನಿಯ ತಮಟೆ ಹೋಗುತ್ತದೆ. ಮೆರವಣಿಗೆ ಮುಗಿದು ಎಲೆ ಹಾಕಿದಾಗ ಎಲ್ಲರಿಗಿಂತ ಹಿಂದೆ ತಮಟೆಯವರು ಕೂರುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟ ನಿಯಮಗಳನ್ನು ಜನ ಮುರಿಯುತ್ತಾರಾದ್ದರಿಂದ ಇದನ್ನು ಬರೆಯದೆಯೇ ಕಾಪಾಡಿಕೊಂಡು ಬರಲಾಗಿದೆ.

ಜಾಥಾದ ಹಿಂದಿನ ಸಂಜೆ ಎಲ್ಲರ ಮೊಬೈಲಿಗೂ ಒಂದು ಸುತ್ತೋಲೆ ಬಂತು. ಜಿಲ್ಲೆಯಲ್ಲಿ ಯಾರು ಎಷ್ಟು ಹಿಂದುಳಿದಿದ್ದಾರೆಂದು ಕಣ್ಣಾರೆ ಕಂಡು ವರದಿ ಮಾಡಲು ಚಂದ್ರಮೋಹನ್ ಎಂಬ ವೀಕ್ಷಣಾಧಿಕಾರಿಯನ್ನು ನೇಮಿಸಲಾಗಿತ್ತು. ಮನೆಮನೆಗೆ ಹೋಗಿ ಕೇಳಲು ಅವರಿಗೆ ಸಿಬ್ಬಂದಿ ಇರಲಿಲ್ಲ. ಇದ್ದ ಸಿಬ್ಬಂದಿಯೆಲ್ಲ ಹಿಂದಿನ ಸಮೀಕ್ಷೆ ಏಕೆ ಮುಗಿಯಲಿಲ್ಲ ಎಂಬುದರ ಸಮೀಕ್ಷೆಗೆ ಹೋಗಿದ್ದರು. ಆದ್ದರಿಂದ ಎಲ್ಲ ಸಮುದಾಯಗಳೂ ಒಂದೇ ರಸ್ತೆಯಲ್ಲಿ ಸಿಗುವ ಜಾಥಾವನ್ನೇ ನೋಡಿ ಕೆಲಸ ಮುಗಿಸುವುದೆಂದು ಅವರು ನಿಶ್ಚಯಿಸಿದ್ದರು. ಸುತ್ತೋಲೆ ಹೀಗಿತ್ತು:

"ಜಾಥಾದಲ್ಲಿ ಮುಂದೆ ನಡೆಯುವವರನ್ನು ಮುಂದುವರಿದವರೆಂದೂ, ಹಿಂದೆ ಉಳಿಯುವವರನ್ನು ಹಿಂದುಳಿದವರೆಂದೂ ಪರಿಗಣಿಸತಕ್ಕದ್ದು. ಎಷ್ಟು ಹಿಂದೆ ಎಂಬುದಕ್ಕೆ ಮಿತಿ ಇರುವುದಿಲ್ಲ. ಹಾಸ್ಟೆಲ್, ನಿವೇಶನ, ನಿಗಮ ಮಂಡಳಿ ಇತ್ಯಾದಿಗಳನ್ನು ಹಿಂದಿನಿಂದ ಎಣಿಸಿ ಹಂಚಲಾಗುವುದು. ಮೇಲ್ಕಂಡ ಪದಗಳಿಗೆ ಬೇರೆ ಅರ್ಥವೇನಾದರೂ ಇದ್ದಲ್ಲಿ ಅದನ್ನು ಜಾಥಾ ಮುಗಿದ ತರುವಾಯ ಪರಿಶೀಲಿಸಲಾಗುವುದು."

ಕಲ್ಯಾಣ ಮಂಟಪದಲ್ಲಿ ತುರ್ತು ಸಭೆ ಸೇರಿತು. ದೊಡ್ಡನಾರಾಯಣಪ್ಪನವರ ಮುಖ ಸಣ್ಣದಾಗಿತ್ತು. ಮೂವತ್ತು ವರ್ಷದಿಂದ ಜಿಲ್ಲೆಯ ಯಾವ ಹೋರಾಟದ ಫೋಟೋ ತೆಗೆದು ನೋಡಿದರೂ ಬ್ಯಾನರಿನ ನಟ್ಟನಡುವೆ ಅವರಿದ್ದರು. ಒಮ್ಮೆ ಯಾವುದೋ ಬೇರೆಯವರ ಹೋರಾಟದ ಮುಂದೆಯೂ ಅವಸರದಲ್ಲಿ ನಡೆದುಬಿಟ್ಟಿದ್ದರು. ಅಂಥವರು ಈಗ ಎದ್ದು ನಿಂತು ಮೈಕು ಹಿಡಿದರು.

"ಮುಂದೆ ನಿಂತು ಹೋರಾಡ್ದೋನು ನಾನು. ನಾಳೆ ನಮ್ಮ ಜನಕ್ಕೋಸ್ಕರ ಹಿಂದೆ ನಿಲ್ತೀನಿ. ಇದಕ್ಕಿಂತ ದೊಡ್ಡ ತ್ಯಾಗ ನನ್ನ ಕೈಲಿ ಆಗಲ್ಲ," ಎಂದರು.

ಚಪ್ಪಾಳೆ ಬಿತ್ತು. ಮಾಲೂರಿನ ಕಡೆ ಇಟ್ಟಿಗೆ ಗೂಡುಗಳನ್ನಿಟ್ಟಿದ್ದ ಕಾರ್ಯದರ್ಶಿ ರಾಮಚಂದ್ರಪ್ಪನವರು ಚಪ್ಪಾಳೆ ನಿಲ್ಲುವ ಮೊದಲೇ ಎದ್ದು, ತ್ಯಾಗವನ್ನು ಅಣ್ಣನೊಬ್ಬರಿಗೇ ಬಿಡುವುದು ಸರಿಯಲ್ಲವೆಂದೂ, ತಾವು ಅಣ್ಣನಿಗಿಂತಲೂ ಹಿಂದೆ ನಿಲ್ಲುವುದಾಗಿಯೂ ಘೋಷಿಸಿದರು. ಶ್ರೀನಿವಾಸಪುರದ ಮಾವಿನ ಮಂಡಿಯ ಅಮರನಾಥ್ ಅವರು ರಾಮಚಂದ್ರಪ್ಪನವರ ಹಿಂದೆ ನಿಲ್ಲಲು ಒಪ್ಪಿದರು. ಅರ್ಧ ಗಂಟೆಯಲ್ಲಿ ಎಲ್ಲ ಸಮುದಾಯಗಳೂ ಒಂದರ ಹಿಂದೊಂದು ತ್ಯಾಗ ಮಾಡಿ ಮುಗಿಸಿದವು. ಆಮೇಲೆ ಮುಂದೆ ಹೋಗುವವರು ಯಾರು ಎಂಬ ಪ್ರಶ್ನೆ ಬಂತು. ಸಭೆ ತಿರುಗಿ ಬಾಗಿಲ ಪಕ್ಕದ ಕುರ್ಚಿಯನ್ನು ನೋಡಿತು.

"ನಮ್ಮೋರೂ ಹಿಂದೇನೇ ಇರ್ತೀವಿ ಅಧ್ಯಕ್ಷರೇ," ಎಂದಳು ಆವಲಮ್ಮ. "ಯಾವತ್ತೂ ಅಲ್ಲೇ ಅಲ್ವಾ ನಾವಿರೋದು."

"ತಮಟೆ ಎಲ್ಲಾದ್ರೂ ಹಿಂದೆ ಹೋಗ್ತದಾ ಆವಲಮ್ಮ? ನಿಮ್ಮ ತಾತ ಮುತ್ತಾತನ ಕಾಲದಿಂದ ಬಂದಿರೋ ಗೌರವ ಅದು. ನಾವು ಅದನ್ನ ಕಿತ್ಕೊಂಡ್ರೆ ನಮಗೆ ಪಾಪ ತಟ್ತದೆ."

ಪಾಪಕ್ಕೆ ಒಕ್ಕೂಟದಲ್ಲಿ ಎಲ್ಲರೂ ಹೆದರುತ್ತಿದ್ದರು. ಕಾಲೋನಿಯ ಗೌರವಕ್ಕೆ ಯಾವ ಕಾರಣಕ್ಕೂ ಧಕ್ಕೆ ತರಬಾರದೆಂದು ನಿರ್ಣಯವಾಯಿತು. ಅಷ್ಟು ವರ್ಷ ಇಲ್ಲದ ಗೌರವ ಒಂದೇ ಸಂಜೆ ಉಕ್ಕಿ ಬಂದದ್ದನ್ನು ಆವಲಮ್ಮ ಕಂಡಳು. ಸೀಟು ಕೈತಪ್ಪುತ್ತಿದೆ ಎಂದು ಅವಳಿಗೆ ಆಗಲೇ ಅನ್ನಿಸಿತು.

ಗುರುವಾರ ಒಂಬತ್ತಕ್ಕೆ ಹೊರಡಬೇಕಾಗಿದ್ದ ನ್ಯಾಯ ಹತ್ತೂವರೆಗೆ ಹೊರಟಿತು. ಹೊರಟದ್ದು ತಮಟೆ ಮಾತ್ರ. ಆವಲಮ್ಮನ ಮಗ ಮುನೇಶ್ ಬಾರಿಸುತ್ತ ಮುಂದೆ, ಜೊತೆಯ ಹುಡುಗರು ಅವನ ಅಕ್ಕಪಕ್ಕ, ಅವರ ಹಿಂದೆ ಆವಲಮ್ಮ, ಅವಳ ಕೈ ಹಿಡಿದು ತೇಜಸ್ವಿನಿ. ಮುನೇಶ್ ಎಂದಿನಂತೆ ಜೋರಾಗಿ ಬಾರಿಸಿ, ಕುಣಿದು, ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿ ಕೋಲನ್ನು ಹಾಗೇ ಕೆಳಗಿಳಿಸಿದ.

"ಅಮ್ಮಾ, ಹಿಂದೆ ಯಾರೂ ಇಲ್ವಲ್ಲಾ," ಎಂದ.

ರಸ್ತೆ ಬರಿದಾಗಿತ್ತು. ಜಾಥಾ ದೂರದಲ್ಲಿ ಕೆರೆಕಟ್ಟೆಯ ಮೇಲೆ ಹೊರಟಲ್ಲೇ ನಿಂತಿತ್ತು. ಅಲ್ಲಿ ರಾಮಚಂದ್ರಪ್ಪನವರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಅವರು ಸರಿಮಾಡಿ ಮುಗಿಸುವವರೆಗೆ ಕಾಯುವುದು ಮರ್ಯಾದೆಯೆಂದು ಎಲ್ಲರೂ ಕಾಯುತ್ತಿದ್ದರು, ಅವರೂ ಮುಗಿಸುತ್ತಿರಲಿಲ್ಲ. ಅಮರನಾಥ್ ಅವರಿಗೆ ಒಂದು ದೀರ್ಘವಾದ ಫೋನು ಬಂದಿತ್ತು. "ತಾವು ಹಿರಿಯರು, ಮುಂದೆ ನಡೀರಿ ಅಣ್ಣ" ಎಂದು ಒಬ್ಬರು, "ಇಲ್ಲ ಇಲ್ಲ, ತಮ್ಮ ಮುಂದೆ ನಾನು ಎಷ್ಟರವನು" ಎಂದು ಇನ್ನೊಬ್ಬರು. ಜಿಲ್ಲೆಯ ಸಮುದಾಯಗಳು ಪರಸ್ಪರ ಇಷ್ಟು ವಿನಯದಿಂದ ನಡೆದುಕೊಂಡದ್ದನ್ನು ನೋಡಿದವರಿಲ್ಲ. ಧ್ವನಿವರ್ಧಕ ಕಟ್ಟಿದ್ದ ಆಟೋದಿಂದ ಪ್ರಕಟಣೆ ಬರುತ್ತಿತ್ತು: "ಬಂಧುಗಳೇ, ದಯವಿಟ್ಟು ಯಾರೂ ಮುಂದೆ ಬರಬಾರದು. ಮುಂದೆ ಬಂದವರಿಗೆ ಒಕ್ಕೂಟ ಜವಾಬ್ದಾರಿಯಲ್ಲ."

ತಿರುವಿನ ಹುಣಸೆಮರದ ಕೆಳಗೆ ಜೀಪು ನಿಲ್ಲಿಸಿಕೊಂಡಿದ್ದ ಚಂದ್ರಮೋಹನ್ ಅವರು "ಮುಂದೆ: ತಮಟೆಯವರು" ಎಂದು ಬರೆದುಕೊಂಡರು. ಅದು ಆವಲಮ್ಮನ ಕಣ್ಣಿಗೆ ಬಿತ್ತು.

ಅವಳು ಹೆಚ್ಚು ಯೋಚಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ನಡೀರೋ ಹಿಂದಕ್ಕೆ," ಎಂದಳು. ತಮಟೆ ತಿರುಗಿ ಕೆರೆಕಟ್ಟೆಯ ಕಡೆ ಹೊರಟಿತು. ಇವರು ಬರುವುದನ್ನು ಕಂಡು ಇಡೀ ಜಾಥಾ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಇವರು ಇನ್ನಷ್ಟು ಹತ್ತಿರವಾದರು, ಅದು ಇನ್ನಷ್ಟು ಸರಿಯಿತು. ಅಷ್ಟು ದೊಡ್ಡ ಜನಸಮೂಹ ಬೆನ್ನು ತಿರುಗಿಸದೆ, ಒಬ್ಬರನ್ನೊಬ್ಬರು ತುಳಿಯದೆ, ಸಾಲು ಕೆಡದಂತೆ ಹಿಂದೆ ಸರಿಯುವುದನ್ನು ನೋಡಿ ಅಧಿಕಾರಿಗಳು ಆಶ್ಚರ್ಯಪಟ್ಟರು. ಆವಲಮ್ಮನಿಗೆ ಆಶ್ಚರ್ಯವಾಗಲಿಲ್ಲ. ಕಾಲೋನಿಯವರು ಹತ್ತಿರ ಬಂದರೆ ಹಿಂದೆ ಸರಿಯುವುದು ಊರಿನವರಿಗೆ ಹುಟ್ಟಿನಿಂದ ಅಭ್ಯಾಸವಿತ್ತು.

ಹೀಗೆ ಕೋಲಾರಕ್ಕೆ ಹೊರಟ ಜಾಥಾ ಮುಳಬಾಗಿಲಿನ ಕಡೆ ಸಾಗಿತು. ಬ್ಯಾನರಿನಲ್ಲಿ "ಮುಂದಿಟ್ಟ ಹೆಜ್ಜೆ ಹಿಂದಿಡೆವು" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲಾಗಿತ್ತು. ಯಾರೂ ಹೆಜ್ಜೆಯನ್ನು ಮುಂದಿಟ್ಟೇ ಇರಲಿಲ್ಲವಾದ್ದರಿಂದ ಮಾತಿಗೆ ಭಂಗ ಬರಲಿಲ್ಲ.

ಒಂದೂವರೆಯ ಹೊತ್ತಿಗೆ ಮುಳಬಾಗಿಲು ಬಂತು. ಪಲಾವು ಮಾತ್ರ ಕೋಲಾರದ ಮಾವಿನ ತೋಪಿನಲ್ಲಿ ನ್ಯಾಯದ ದಾರಿ ಕಾಯುತ್ತ ಕೂತಿತ್ತು. ಅದನ್ನು ವ್ಯಾನಿಗೆ ಹಾಕಿ ತರುವಂತೆ ಫೋನು ಹೋಯಿತು. ಚಂದ್ರಮೋಹನ್ ಅವರು ಜೀಪಿನಲ್ಲಿ ಮನೆಯ ಕ್ಯಾರಿಯರ್ ಬಿಚ್ಚಿದರು. ಆವಲಮ್ಮ ಹತ್ತಿರ ಹೋಗಿ, ರಸ್ತೆಯಲ್ಲಿ ನೋಡಿದ್ದು ಸಾಲದು, ಊಟದ ಹೊತ್ತಿನಲ್ಲಿ ಯಾರು ಹಿಂದಿರುತ್ತಾರೆ ಅನ್ನುವುದನ್ನೂ ನೋಡಿ ಬರೆದುಕೊಳ್ಳಿ ಎಂದು ಕೇಳಿದಳು.

"ಒಂದೂವರೆಯಿಂದ ಎರಡೂವರೆ ನನ್ನ ಊಟದ ಸಮಯ ಅಮ್ಮ," ಎಂದರು ಅವರು ಸೌಜನ್ಯದಿಂದ. "ಆ ಹೊತ್ತಲ್ಲಿ ಯಾರಾದ್ರೂ ಹಿಂದುಳಿದ್ರೆ ಅದು ಅವರ ಖಾಸಗಿ ವಿಷಯ. ಸರ್ಕಾರ ನೋಡೋ ಹಾಗಿಲ್ಲ."

"ಮುಂದೆ ಬಂದ್ರೆ ಹಾಯ್ತೀರ, ಹಿಂದೆ ಬಂದ್ರೆ ಒದೀತೀರ. ನಾವು ಯಾವ ಕಡೆಯಿಂದ ಬರಾಣ ಸಾರ್?"

ಪಕ್ಕದಿಂದ ಬರುವ ಬಗ್ಗೆ ಸುತ್ತೋಲೆಯಲ್ಲಿ ಏನೂ ಹೇಳಿಲ್ಲವೆಂದು ಅವರು ತಿಳಿಸಿ ಮಜ್ಜಿಗೆ ಕಲೆಸಿಕೊಂಡರು.

ಮುಳಬಾಗಿಲು ದಾಟಿದ ಮೇಲೆ ಮುಖಂಡರ ಕಾಲು ನೊಂದವು. ನಡೆದೇ ಹಿಂದುಳಿಯಬೇಕೆಂದು ನಿಯಮವಿರಲಿಲ್ಲ. ಕಾರು, ಟೆಂಪೋ, ಟ್ರ್ಯಾಕ್ಟರುಗಳನ್ನು ತರಿಸಿ, ಮೂತಿ ಕೋಲಾರದ ಕಡೆಗೇ ಇಟ್ಟು ರಿವರ್ಸಿನಲ್ಲಿ ಬಿಟ್ಟರು. ದೊಡ್ಡನಾರಾಯಣಪ್ಪನವರು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಇದನ್ನು ಗಮನಿಸಿದ ರಾಮಚಂದ್ರಪ್ಪನವರು ತಮ್ಮ ಕಾರಿನ ಡಿಕ್ಕಿ ತೆಗೆಸಿ ಅದರಲ್ಲಿ ಮಂಡಿ ಮಡಚಿ ಕೂತರು. ಕಾಲೋನಿಯವರು ಒಂದು ಗೂಡ್ಸ್ ಆಟೋ ಹಿಡಿದು ಬೆನ್ನು ಬಿದ್ದರು. ಎಷ್ಟು ಓಡಿಸಿದರೂ ಊರಿನವರೇ ಹಿಂದೆ, ಇವರೇ ಮುಂದೆ.

ನಂಗಲಿಯನ್ನು ಬಿಟ್ಟು ಗಡಿ ದಾಟಿದಾಗ ಆಂಧ್ರದ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದು, "ಎಕ್ಕಡಿಕಿ?" ಎಂದು ಕೇಳಿದ. ಡಿಕ್ಕಿಯೊಳಗಿಂದ "ಕೋಲಾರ್‌ಕಿ" ಎಂದು ಉತ್ತರ ಬಂತು. ಅವನು ಕಾರಿನ ಮೂತಿ ನೋಡಿದ, ಅದು ಕೋಲಾರದ ಕಡೆಗೇ ಇತ್ತು. ಬಿಟ್ಟುಕೊಟ್ಟ.

ಪಲಾವಿನ ವ್ಯಾನು ಅವರನ್ನು ಹಿಡಿದದ್ದು ಅಲ್ಲಿ, ನಾಲ್ಕು ಗಂಟೆ ದಾಟಿದ ಮೇಲೆ. ಬೆಳಗಿನ ಉಪ್ಪಿಟ್ಟಿನ ಮೇಲೆ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ವ್ಯಾನಿನ ಬಾಗಿಲು ತೆಗೆದು ಘಮ ಹೊರಗೆ ಬಂದದ್ದೇ ತಡ, ಬೆಳಗಿನಿಂದ ಒಂದು ಹೆಜ್ಜೆ ಮುಂದಿಡದ ಜಾಥಾ ಒಮ್ಮೆಗೇ ಮುಂದೆ ನುಗ್ಗಿತು. ಊಟಕ್ಕೆ ಮುಂದು, ದಂಡಿಗೆ ಹಿಂದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ದೊಡ್ಡನಾರಾಯಣಪ್ಪನವರು ಮೂವತ್ತು ವರ್ಷದ ಅಭ್ಯಾಸಬಲದಿಂದ ಎಲ್ಲರನ್ನೂ ಸರಿಸಿ ಮೊದಲನೆಯವರಾಗಿ ನಿಂತರು. ಮುನೇಶ್ ತಟ್ಟೆ ಹಿಡಿದು ಹತ್ತಿರ ಹೋದ. ಬಡಿಸುವವನು ತಲೆಯೆತ್ತದೆ, "ನಿಮ್ದು ಆಮೇಲೆ ಕಣೋ," ಎಂದ. ಅದರಲ್ಲಿ ಅವನಿಗೇನೂ ದ್ವೇಷವಿರಲಿಲ್ಲ. ಯಾವಾಗಲೂ ಹೇಳುವುದನ್ನೇ ಹೇಳಿದ್ದ.

ಬೇರೆ ದಿನವಾಗಿದ್ದರೆ ಆವಲಮ್ಮನಿಗೆ ಆ ಮಾತು ಕೇಳಿಸುತ್ತಲೂ ಇರಲಿಲ್ಲ. ಇವತ್ತು ಅದನ್ನು ಕೇಳಿ ಅವಳಿಗೆ ಮೊದಲ ಸಲ ಸಂತೋಷವಾಯಿತು. ಮಗನ ರಟ್ಟೆ ಹಿಡಿದು ಅಲ್ಲೇ ನಿಲ್ಲಿಸಿ, ಜಾಥಾದ ಜೊತೆಗೇ ಬಂದಿದ್ದ ಚಂದ್ರಮೋಹನ್ ಅವರ ಜೀಪಿನ ಹತ್ತಿರ ಹೋದಳು.

"ಸಾರ್, ಟೈಮೆಷ್ಟು?"

"ನಾಲ್ಕೂಕಾಲು."

"ಡ್ಯೂಟೀಲಿದ್ದೀರಾ?"

"ಇದ್ದೀನಿ."

"ಹಂಗಾದ್ರೆ ಆ ಕಡೆ ನೋಡಿ."

ಚಂದ್ರಮೋಹನ್ ಅವರು ನೋಡಿದರು. ಅವರು ಪ್ರಾಮಾಣಿಕರು, ಡ್ಯೂಟಿಯಲ್ಲಿ ಕಂಡದ್ದನ್ನು ಕಂಡಿಲ್ಲ ಎನ್ನುವ ಮನುಷ್ಯರಲ್ಲ. ಪೆನ್ನು ತೆಗೆದರು. ಅದನ್ನು ಕಂಡ ದೊಡ್ಡನಾರಾಯಣಪ್ಪನವರು ಕೈಯಲ್ಲಿದ್ದ ಬಾದುಷಾ ಸಮೇತ ಸಾಲಿನ ಕೊನೆಗೆ ಓಡಿದರು. ಆದರೆ ಅರ್ಧ ಬಾದುಷಾ ಆಗಲೇ ಒಳಗೆ ಹೋಗಿತ್ತು, ನಿಯಮದ ಪ್ರಕಾರ ಒಳಗೆ ಹೋದದ್ದೇ ಲೆಕ್ಕ. ಕಾಲೋನಿಯವರ ಸರದಿ ಬರುವಾಗ ಬಾದುಷಾ ಖಾಲಿಯಾಗಿ ಪಲಾವಿನ ತಳ ಮಾತ್ರ ಉಳಿದಿತ್ತು. ಸೀದ ಅನ್ನವನ್ನು ಆವಲಮ್ಮ ಎಂದೂ ಅಷ್ಟು ರುಚಿಯಾಗಿ ಉಂಡವಳಲ್ಲ.

ಕತ್ತಲಾಗುವ ಮೊದಲು ಎಲ್ಲರೂ ಊರು ಸೇರಿದರು. ಹಕ್ಕೊತ್ತಾಯದ ಮನವಿಯನ್ನು ಜೀಪಿನ ಮುಂದಿನ ಸೀಟಿನಲ್ಲಿಟ್ಟು ಕಳಿಸಿದ್ದರಿಂದ ಸಾಮಾಜಿಕ ನ್ಯಾಯವು ನಿರ್ಣಯದಂತೆ ಅದೇ ಸಂಜೆ ಕೋಲಾರ ತಲುಪಿತು.

ವರದಿ ಬಂತು. ಒಕ್ಕೂಟದವರು ನಡಿಗೆಯಲ್ಲಿ ಹಿಂದುಳಿದವರು, ಊಟದಲ್ಲಿ ಮುಂದುವರಿದವರು. ಕಾಲೋನಿಯವರು ನಡಿಗೆಯಲ್ಲಿ ಮುಂದುವರಿದವರು, ಊಟದಲ್ಲಿ ಹಿಂದುಳಿದವರು. ನಡಿಗೆಯಲ್ಲಿ ಅತ್ಯಂತ ಹಿಂದೆ ಉಳಿದವರು ದೊಡ್ಡನಾರಾಯಣಪ್ಪನವರು. ರಾಮಚಂದ್ರಪ್ಪನವರು ಅವರಿಗಿಂತ ಹಿಂದಿದ್ದರೂ, ಡಿಕ್ಕಿಯಲ್ಲಿ ಇದ್ದುದರಿಂದ ಅವರನ್ನು ಸಾಮಾನು ಎಂದು ಪರಿಗಣಿಸಲಾಗಿತ್ತು. ಅವರು ಮೇಲ್ಮನವಿ ಸಲ್ಲಿಸಿದ್ದಾರೆ.

ಆವಲಮ್ಮ ತೇಜಸ್ವಿನಿಯನ್ನು ಕರೆದುಕೊಂಡು ಕೋಲಾರಕ್ಕೆ ಹೋದಳು. ಚಂದ್ರಮೋಹನ್ ಅವರು ಕುರ್ಚಿ ಕೊಟ್ಟು ಕೂರಿಸಿ ನಿಧಾನವಾಗಿ ವಿವರಿಸಿದರು. ಹಾಸ್ಟೆಲ್ ಎಂದರೆ ಎರಡು ಸೌಲಭ್ಯ, ಊಟ ಮತ್ತು ವಾಸ. ಊಟದಲ್ಲಿ ಹಿಂದುಳಿದಿರುವುದರಿಂದ ಹುಡುಗಿ ಊಟಕ್ಕೆ ಅರ್ಹಳು. ಉಳಿದದ್ದರಲ್ಲಿ ಮುಂದುವರಿದಿರುವುದರಿಂದ ವಾಸಕ್ಕೆ ಅರ್ಹಳಲ್ಲ.

"ಅಂದ್ರೆ ಉಂಡು ಎದ್ದು ಹೋಗ್ಬೇಕಾ ಸಾರ್?"

"ಕೈ ತೊಳೆಯೋದಕ್ಕೆ ಅಡ್ಡಿಯಿಲ್ಲ ಅಮ್ಮ."

ಹಾಗಾದರೆ ಮುಂದುವರಿದವರು ಊರ ದೇವಸ್ಥಾನದೊಳಕ್ಕೆ ಹೋಗಬಹುದೋ ಎಂದೂ ಆವಲಮ್ಮ ಕೇಳಿ ನೋಡಿದಳು. ಅದು ಬೇರೆ ಇಲಾಖೆ ಎಂದು ಉತ್ತರ ಬಂತು.

ರೂಮು ದೊಡ್ಡನಾರಾಯಣಪ್ಪನವರ ಮೊಮ್ಮಗಳು ಶ್ಯಾಮಲಾಗೆ ಹೋಯಿತು. ಆ ಹುಡುಗಿಗೆ ಕೋಲಾರದಲ್ಲಿ ಅಪ್ಪನದೇ ಮನೆಯಿತ್ತು, ಊಟಕ್ಕೆ ಅಮ್ಮನ ಕೈಯಡುಗೆಯಿತ್ತು. ಆದರೆ ಹೋರಾಡಿ ಪಡೆದ ಹಕ್ಕನ್ನು ಬಿಡಬಾರದೆಂದು ತಾತ ರೂಮಿಗೆ ಬೀಗ ಹಾಕಿಸಿ ಬೀಗದ ಕೈಯನ್ನು ಅವಳಿಗೆ ಕೊಟ್ಟರು. ತೇಜಸ್ವಿನಿ ಮೊದಮೊದಲು ಸಂಜೆ ಬೇಗ ಉಂಡು, ಆಸ್ಪತ್ರೆಯ ಡ್ಯೂಟಿ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಓಡುತ್ತಿದ್ದಳು. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ ದಿನ ಊಟದ ಮನೆಯ ಬಾಗಿಲಲ್ಲಿ ಕೂತು ಅತ್ತಳು. ರೂಮು ನೋಡಿ ಹೋಗಲು ಬಂದಿದ್ದ ಶ್ಯಾಮಲಾ ಪಕ್ಕದಲ್ಲಿ ಕೂತು ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದಳು.

"ನಂಗೆ ಬೇಡ ಕಣೇ ಇದು. ಹಾಜರಿ ಕೂಗಿದಾಗ ನನ್ನ ಹೆಸರಿಗೆ ಓ ಅನ್ನು, ಅಷ್ಟೇ."

ಇದು ಗುಟ್ಟಾಗಿ ಬಹಳ ದಿನ ಉಳಿಯಲಿಲ್ಲ, ಉಳಿಯಬೇಕಾಗಿಯೂ ಇರಲಿಲ್ಲ. ವಾರ್ಡನ್ ಗಂಗರತ್ನಮ್ಮನವರು ಊಟದ ಪುಸ್ತಕ ಸರಿಯಿದೆ, ವಾಸದ ಪುಸ್ತಕವೂ ಸರಿಯಿದೆ ಎಂದು ಸಮಾಧಾನಪಟ್ಟರು. ದೊಡ್ಡನಾರಾಯಣಪ್ಪನವರಿಗೆ ಮೊಮ್ಮಗಳ ಹೆಸರು ದಿನವೂ ಹಾಜರಿಯಲ್ಲಿ ಬೀಳುತ್ತಿರುವುದು ಹೆಮ್ಮೆಯೆನಿಸಿತು. ಎರಡು ಸಮುದಾಯಗಳು ಸೇರಿ ಒಬ್ಬ ಪೂರ್ಣ ವಿದ್ಯಾರ್ಥಿನಿಯನ್ನು ಓದಿಸುತ್ತಿರುವುದು ಮಾದರಿ ಬೆಳವಣಿಗೆಯೆಂದು ಚಂದ್ರಮೋಹನ್ ಅವರು ಮೇಲಕ್ಕೆ ಬರೆದರು. ಒಕ್ಕೂಟವು ಇದನ್ನು ತನ್ನ ಜಯವೆಂದು ಘೋಷಿಸಿ, ತಮಟೆಯನ್ನು ಮುಂದಿಟ್ಟುಕೊಂಡು ವಿಜಯೋತ್ಸವ ಮಾಡಿತು.

ಈಗ ಆವಲಮ್ಮ ದಿನಾ ಸಂಜೆ ಊಟದ ಹೊತ್ತು ಮುಗಿದ ಮೇಲೆ ಮೊಮ್ಮಗಳಿಗೆ ಫೋನು ಮಾಡುತ್ತಾಳೆ. ಹಾಜರಿಯ ಸಮಯವಾದ್ದರಿಂದ ಹೆಸರಿನ ವಿಷಯದಲ್ಲಿ ಅವಳೂ ಹುಷಾರು.

"ಶ್ಯಾಮಲಮ್ಮಾ, ಊಟ ಆಯ್ತಾ ನಾಯನಾ?"

"ಊಟ ತೇಜಸ್ವಿನಿ ಮಾಡಿದ್ಲು ಅಜ್ಜಿ," ಎನ್ನುತ್ತಾಳೆ ಹುಡುಗಿ. "ನಾನಿನ್ನು ಮಲ್ಕೊಳ್ತೀನಿ."